ಏಳನೇತ್ತೆಯಿಂದ ಆಚೆ

ಹೋದ ವರ್ಷ ನಮ್ಮೂರ ಸಾಲಿಯ ಮಾಸ್ತರರು ನನ್ನನ್ನು ಕರೆಸಿದರು. 'ಕೇರಿಯೊಳಗ ಬಿ.ಎ. ಮುಗಿಸಿದ ಮೊದಲನೇದಾಂವ ನೀನು. ಬಂದು ಹುಡುಗರಿಗೆ ನಾಕು ಮಾತು ಹೇಳು. ಮನಸು ಮಾಡಿದರ ಯಾವ ಮೂಲ್ಯಾಗಿದ್ದರೂ ಕಲೀಬಹುದು ಅಂತ ಅವರಿಗೂ ತಿಳೀಲಿ' ಅಂದರು. ಹೋದೆ. ಮಾಲೆ ಹಾಕಿದರು. ಎದ್ದು ನಿಂತರೆ ಆ ಮಾತು ಬಾಯಿಗೆ ಬರಲಿಲ್ಲ. ಯಾಕೆಂದರೆ ಅದು ಸುಳ್ಳು. ನನಗಿಂತ ಹೆಚ್ಚು ಮನಸು ಮಾಡಿದ್ದವಳು ನನ್ನ ಅಕ್ಕ. ಅವಳು ಎಲ್ಲರ ಹಿಂದೆ, ಬಾಗಿಲ ಹತ್ತಿರ ಸೆರಗು ಹೊತ್ತು ನಿಂತಿದ್ದಳು.

ನಮ್ಮದು ದುಂಡಸಿ ಸೀಮೆಯ, ಅಡವಿ ಅಂಚಿನ ಒಂದು ಸಣ್ಣ ಊರು. ಸಾಲಿ ಏಳನೇತ್ತೆಗೆ ಮುಗಿಯುತ್ತಿತ್ತು. ಹೈಸ್ಕೂಲಿಗೆ ಎಂಟು ಕಿಲೋಮೀಟರು, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಬಸ್ಸು ಆಚೆ ದಂಡೆಯಿಂದಲೇ ಹೊಳ್ಳುತ್ತಿತ್ತು. ಅದಾದರೂ ಸಾಲಿಯ ಗಂಟೆ ನೋಡಿ ಬರುತ್ತಿರಲಿಲ್ಲ, ಸಂತೆಯ ಹೊತ್ತು ನೋಡಿ ಬರುತ್ತಿತ್ತು. ನಿಲ್ಲುತ್ತಿದ್ದುದೂ ಊರ ಅಗಸಿಯ ಮುಂದೆ. ಕೇರಿಯವರು ಓಡಿ ಹೋಗಿ ಹಿಡಿಯಬೇಕು.

ಅಕ್ಕ 2008ರಲ್ಲಿ ಏಳನೇತ್ತೆ ಪಾಸಾದಳು, ವರ್ಗಕ್ಕೇ ಮೊದಲು. ಮೂರು ದಿನ ಅತ್ತು ಕರೆದು ಹೈಸ್ಕೂಲು ಕೇಳಿದಳು. 'ಹೆಣ್ಣ ಕೂಸು, ಒಬ್ಬಾಕಿನ್ನ ಆ ದಾರ್‍ಯಾಗ ಹ್ಯಾಂಗ ಕಳಸ್ಲಿ?' ಅಂದ ಅಪ್ಪ. ಅವನು ಕೆಟ್ಟವನಲ್ಲ, ಅಂಜಿದವನು. ಊರ ದೊಡ್ಡ ಮನೆಯ ಹುಡುಗಿಯರು ಹುಬ್ಬಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕಲಿತರು. ನಮ್ಮ ಸೋದರಮಾವಂದಿರು ಹೊಲದಲ್ಲಿದ್ದರು, ಅದೂ ಮಂದಿಯ ಹೊಲದಲ್ಲಿ. ಆ ಶ್ರಾವಣಕ್ಕೆ ಅಕ್ಕ ಹತ್ತಿ ಬೀಜದ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋದಳು. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ಕೀಳಬೇಕು, ಮರುದಿನ ಮುಂಜಾನೆ ಬೇರೆ ಗಿಡದ ಹೂವಿನ ಪುಡಿ ತಂದು ಅದಕ್ಕೆ ಮುಟ್ಟಿಸಬೇಕು. ಸಣ್ಣ ಬೆರಳು ಬೇಕು ಅಂತ ಹುಡುಗಿಯರನ್ನೇ ಕರೆಯುತ್ತಿದ್ದರು. ಪೆನ್ನು ಹಿಡಿಯಲಿಕ್ಕೂ ಅವೇ ಬೆರಳು ಬೇಕಿದ್ದವು.

2012ರಲ್ಲಿ ನಾನು ಏಳು ಮುಗಿಸಿದೆ. ಅಕ್ಕನಷ್ಟು ಜಾಣನಲ್ಲ, ಗಣಿತದಲ್ಲಿ ದಡ್ಡನೇ. ಆದರೆ ಆ ವರ್ಷ ಇದ್ದ ಮಾಸ್ತರರೊಬ್ಬರು ಕೂಲಿ ಬಿಡಿಸಿ ಅಪ್ಪನನ್ನು ತಾಲೂಕು ಕಚೇರಿಗೆ ಕರೆದುಕೊಂಡು ಹೋದರು. ಜಾತಿ, ಆದಾಯದ ಸರ್ಟಿಫಿಕೇಟು ಮಾಡಿಸಿ, ಸರಕಾರಿ ಹಾಸ್ಟೆಲಿನಲ್ಲಿ ನನಗೊಂದು ಸೀಟು ಕೊಡಿಸಿದರು. ಪುಸ್ತಕದ ರೊಕ್ಕ ಅಕ್ಕನ ಕೂಲಿಯಿಂದ ಬಂತು. ಒಂದು ಸೀಟು, ಒಬ್ಬ ಮಾಸ್ತರ, ಒಬ್ಬ ಅಕ್ಕನ ದುಡಿಮೆ, ಮೇಲೆ ಗಂಡಾಗಿ ಹುಟ್ಟಿದ್ದು. ಇಷ್ಟು ಸೇರಿ ನಾನು ಪದವೀಧರ. ಇದಕ್ಕೆ ಜನ 'ಪ್ರತಿಭೆ' ಅನ್ನುತ್ತಾರೆ. ಹಾಗಾದರೆ ಅಕ್ಕನದು ಏನಾಗಿತ್ತು?

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1928ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದ್ದು ಹೈಸ್ಕೂಲು ಓದುವ ನಮ್ಮ ಹುಡುಗರಿಗೆ ವಸತಿನಿಲಯ ನಡೆಸಲು. ಅಂಥ ಒಂದು ನಿಲಯ ಧಾರವಾಡದಲ್ಲೂ ಇತ್ತು. ಆಗ ಈ ನಮ್ಮ ಸೀಮೆಗೆ ಜಿಲ್ಲಾ ಊರು ಅದೇ. 'ಓದು' ಅಂತ ಬರೀ ಬುದ್ಧಿ ಹೇಳಿ ಅವರು ಸುಮ್ಮನಾಗಲಿಲ್ಲ. ಸಾಲಿಯ ಹತ್ತಿರ ಮಲಗಲು ಜಾಗ, ಉಣ್ಣಲು ಕೂಳು ಮೊದಲು ಆಗಬೇಕು ಅಂದರು.

ಆಮೇಲೆ ಕಾನೂನು ಬಂದವು. ಶಿಕ್ಷಣ ಹಕ್ಕಿನ ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ, ಅಕ್ಕ ಸಾಲಿ ಬಿಟ್ಟು ಎರಡು ವರ್ಷಕ್ಕೆ. ಆ ಹಕ್ಕು ಕೂಡ ಎಂಟನೇತ್ತೆ ತನಕ ಮಾತ್ರ. ಒಂಬತ್ತಕ್ಕೆ ಹಕ್ಕು ಮುಗಿಯುತ್ತದೆ, ಹಳ್ಳ ಮಾತ್ರ ಹರಿಯುತ್ತಲೇ ಇರುತ್ತದೆ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ಒಳ್ಳೆಯದೇ. ಆದರೆ ಸಾಲಿಯ ಹೊತ್ತಿಗೆ ಬಸ್ಸು ಬರಬೇಕಲ್ಲ! 2011ರಲ್ಲಿ ನಮ್ಮದೇ ಶಿಗ್ಗಾವಿ ತಾಲೂಕಿನ ಗೊಟಗೋಡಿಗೆ ಜಾನಪದ ವಿಶ್ವವಿದ್ಯಾಲಯ ಬಂತು. ನಮ್ಮವ್ವ ಹಾಡುವಂಥ ಬೀಸುವ ಪದಗಳನ್ನು ಅಲ್ಲಿ ಓದುತ್ತಾರೆ. ಸಂತೋಷ. ಹಾಡಿದವಳ ಮಗಳು ಅದರ ಬಾಗಿಲು ಮುಟ್ಟಬೇಕಾದರೆ ನಡುವೆ ಎಂಟು, ಒಂಬತ್ತು, ಹತ್ತು ದಾಟಬೇಕು.

ಆ ದಿನ ನಾನು ಭಾಷಣ ಬಿಟ್ಟು ಒಂದು ಪ್ರಶ್ನೆ ಕೇಳಿದೆ. 'ಏಳನೇತ್ತೆಯವರು ಕೈ ಎತ್ತಿರಿ.' ಎತ್ತಿದರು. 'ಹೈಸ್ಕೂಲಿಗೆ ಹೋಗುವವರು ಹಾಂಗ ಇಡ್ರಿ, ಉಳಿದವರು ಇಳಸ್ರಿ.' ನಾಲ್ಕು ಕೈ ಇಳಿದವು. ನಾಲ್ಕೂ ಬಳೆ ತೊಟ್ಟ ಕೈ. ಅದರಲ್ಲಿ ಮೂರು ನಮ್ಮ ಕೇರಿಯವು. 'ಇದು ನಿಮ್ಮ ತಪ್ಪಲ್ಲ' ಅಂದೆ. ಅಕ್ಕನ ಕತೆ ಹೇಳಿ ಕುಳಿತೆ. ಚಪ್ಪಾಳೆ ಬಿತ್ತು.

ಮನೆಗೆ ಬರುವಾಗ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಅವಳನ್ನು ಊರಲ್ಲೇ ಕೊಟ್ಟಿದ್ದಾರೆ, ಮಗಳು ಆರನೇತ್ತೆ. ಕೇರಿಯ ತಿರುವಿನಲ್ಲಿ ನಿಂತು ಅಂದಳು: 'ಮಾತು ಛಲೋ ಆಡಿದಿ ತಮ್ಮಾ. ಆದರ ಹಾಸ್ಟೆಲ್ಲಿನ ಫಾರ್ಮು ಯಾವಾಗ ಕೊಡ್ತಾರ, ಎಲ್ಲಿ ಕೊಡ್ತಾರ, ಅದನ್ನ ಹೇಳಲೇ ಇಲ್ಲಲ್ಲ ನೀ?'

ನಾಚಿಕೆಯಾಯಿತು. ನನ್ನ ಕವಿತೆಗಳಲ್ಲೂ ಈ ಪ್ರಶ್ನೆಗೆ ಉತ್ತರವಿಲ್ಲ.

ಹಳ್ಳಿಯ ಮಾಸ್ತರರೇ, ಗೆಳೆಯರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ನನ್ನಂಥವನನ್ನು ಕರೆದು ಮಾಲೆ ಹಾಕಬೇಡಿ. ಜೂನ್ ತಿಂಗಳಲ್ಲಿ ಏಳು ಮುಗಿಸಿದ ಮಕ್ಕಳ ಹೆಸರು ಬರೆದುಕೊಂಡು ಹೈಸ್ಕೂಲಿಗೆ ಹೋಗಿ ಅಲ್ಲಿನ ಹಾಜರಿ ಪುಸ್ತಕ ನೋಡಿ. ಯಾವ ಹೆಸರು ಅಲ್ಲಿಲ್ಲವೋ ಆ ಮನೆಗೆ ಹೋಗಿ. ಸರ್ಟಿಫಿಕೇಟು ಬೇಕಾದರೆ ಕಚೇರಿಗೆ ಜೊತೆಗೆ ನಡೆಯಿರಿ. ಬಸ್ಸಿನ ಹೊತ್ತು ಸರಿಯಿಲ್ಲದಿದ್ದರೆ ಊರವರ ಸಹಿ ಹಾಕಿಸಿ ಡಿಪೋಕ್ಕೆ ಹೋಗೋಣ, ಕೊಡದಿದ್ದರೆ ಅಲ್ಲೇ ಕುಳಿತುಕೊಳ್ಳೋಣ. ಸಾಲಿಯ ಗೆಲುವನ್ನು ವೇದಿಕೆ ಹತ್ತಿದ ಒಬ್ಬನಿಂದ ಅಳೆಯುವುದು ಸಾಕು. ಇಳಿದ ಆ ನಾಲ್ಕು ಕೈಗಳಿಂದ ಅಳೆಯಿರಿ.

ಮರುವಾರ ನಾನೂ ಅಕ್ಕನೂ ಆ ನಾಲ್ಕು ಮನೆಗೆ ಹೋದೆವು. ಎರಡು ಮನೆಯವರು ಹೂಂ ಅಂದಿದ್ದಾರೆ. ಉಳಿದೆರಡು ಮನೆಗೆ ಮತ್ತೆ ಹೋಗಬೇಕು.