ಹೀರೋ ಗಾಡಿ ಏದುಸಿರು ಬಿಡೋದಿಲ್ಲ!

‘ತ್ರೀ ಈಡಿಯಟ್ಸ್’ (2009) ಚಿತ್ರದ ಕೊನೇ ದೃಶ್ಯ ನೆನಪಿದೆಯಲ್ಲ? ಲಡಾಖಿನ ಪ್ಯಾಂಗಾಂಗ್ ಸರೋವರ. ಮದುವಣಗಿತ್ತಿ ವೇಷದಲ್ಲೇ ಕರೀನಾ ಕಪೂರ್ ಹಳದಿ ಸ್ಕೂಟರ್ ಮೇಲೆ ಬರ್ತಾಳೆ. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ! ನಾನು ಮಾತ್ರ ಆ ಸ್ಕೂಟರನ್ನೇ ನೋಡ್ತಾ ಕೂತಿದ್ದೆ. ಸುಮಾರು 14 ಸಾವಿರ ಅಡಿ ಎತ್ತರ ಸ್ವಾಮಿ ಅದು! ಅಲ್ಲಿ ಗಾಡಿ ಹೇಗೆ ಕೆಮ್ಮುತ್ತೆ ಅನ್ನೋದನ್ನ ನನ್ನ ಕೇಳಿ.

ಅದರ ಹಿಂದಿನ ವರ್ಷ, 2008ರಲ್ಲಿ, ನಾನೂ ಗೆಳೆಯನೂ ಮನಾಲಿಯಿಂದ ಲೇಹ್‌ಗೆ ಹೊರಟಿದ್ದೆವು. ಗಾಡಿ ಅಣ್ಣನ ಯೆಜ್ಡಿ. ಮೈಸೂರಿನಲ್ಲೇ ಹುಟ್ಟಿ, ಎರಡೂವರೆ ಸಾವಿರ ಅಡಿಯ ಗಾಳಿ ಕುಡಿದು ಬೆಳೆದ ಗಾಡಿ. “ಒಂದು ಗೀರು ಬಿದ್ರೂ ಮನೆಗೆ ಬರಬೇಡ” ಅಂದಿದ್ದ ಅಣ್ಣ.

ಸರ್ಚುವಿನ ಡೇರೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಕಿಕ್ ಹೊಡೆದೆ. ಯೆಜ್ಡಿಯಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಅನ್ನೋದು ನಿಮಗೆ ಗೊತ್ತು. ಹತ್ತು ಕಿಕ್ಕಿಗೆ ನಾನೇ ಉಸಿರು ಸಿಗದೆ ಕೂತುಬಿಟ್ಟೆ. ಪ್ಲಗ್ ಬಿಚ್ಚಿದರೆ ಕಾಡಿಗೆ ಡಬ್ಬಿ!

ಕಾರಣ ಇಷ್ಟೇ. ಮೇಲೆ ಹೋದಷ್ಟೂ ಗಾಳಿ ತೆಳು. ಕಾರ್ಬುರೇಟರಿಗೆ ಅದು ತಿಳಿಯೋದಿಲ್ಲ. ಜೆಟ್ಟಿನ ತೂತಿನಿಂದ ಊರಿನ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತೆ. ಅದು ಪೂರ್ತಿ ಉರಿಯದೆ ಮಸಿಯಾಗುತ್ತೆ. ಸಣ್ಣ ತೂತಿನ ಜೆಟ್ ಹಾಕಬೇಕಿತ್ತು, ಸೂಜಿಯನ್ನು ಒಂದು ಗೀರು ಕೆಳಗಿಳಿಸಬೇಕಿತ್ತು. ಮನಾಲಿಯ ಮೆಕ್ಯಾನಿಕ್ ಹೇಳಿದ್ದ ಕೂಡ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗಿನ ಇಂಜೆಕ್ಷನ್ ಗಾಡಿಗಳು ಗಾಳಿಯ ಒತ್ತಡ ಅಳೆದು ಪೆಟ್ರೋಲನ್ನು ತಾವೇ ಕಡಿಮೆ ಮಾಡ್ಕೊಳ್ಳುತ್ತವೆ. ಆದರೂ ಇಲ್ಲದ ಗಾಳಿಯನ್ನು ಅವು ಎಲ್ಲಿಂದ ತಂದಾವು? ಶಕ್ತಿ ಅವಕ್ಕೂ ಇಳಿಯುತ್ತೆ.

ತಂಗ್ಲಂಗ್ ಲಾ ಏರುವಾಗ ಗಾಡಿ ಒಂದನೇ ಗೇರಿನಲ್ಲೂ ಎಳೆಯಲಿಲ್ಲ. 17 ಸಾವಿರ ಅಡಿ. ಗಾಳಿ ಮೈಸೂರಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಗೆಳೆಯ ಇಳಿದು ನಡೆಯತೊಡಗಿದ. ಲಾರಿ ಡ್ರೈವರೊಬ್ಬ “ಏರ್ ಫಿಲ್ಟರ್ ಕಿತ್ತು ಬಿಸಾಕು” ಅಂದ. ಕಿತ್ತೆ. ಗಾಡಿ ಹೂಂಕರಿಸಿತು! ನಾನು ಹೀರೋ ಹಾಗೆ ಒಂದೇ ಉಸಿರಿಗೆ ತುದಿಗೆ ಹೋಗಿ ನಿಂತೆ. ಹಿಂದೆ ತಿರುಗಿ ನೋಡಲಿಲ್ಲ.

ಅರ್ಧ ಗಂಟೆಯಾದರೂ ಅವನು ಬರಲಿಲ್ಲ. ವಾಪಸು ಇಳಿದು ಬಂದರೆ ಕಲ್ಲಿನ ಮೇಲೆ ಕೂತಿದ್ದಾನೆ. ತುಟಿ ನೀಲಿ, ವಾಂತಿ. ಏನು ಕೇಳಿದರೂ ಇನ್ನೇನೋ ಹೇಳ್ತಾನೆ. ಅಂಥ ಎತ್ತರದಲ್ಲಿ ನಡೆಸಬಾರದು ಅನ್ನೋ ಬುದ್ಧಿ ನನಗೆ ಆಗ ಬಂತು. ಬೆಳಿಗ್ಗೆಯಿಂದ ಪ್ಲಗ್ಗಿನ ಬಣ್ಣ ಎಷ್ಟು ಸಲ ನೋಡಿದ್ದೆ! ಅವನ ಮುಖ ನೋಡಿರಲಿಲ್ಲ.

ಒಂದು ಲಾರಿಯವರು ಪುಣ್ಯಾತ್ಮರು, ಅವನನ್ನು ಹತ್ತಿಸಿಕೊಂಡು ಕಣಿವೆ ದಾಟಿಸಿ ಉಪ್ಶಿಯವರೆಗೆ ಇಳಿಸಿದರು. ಆರು ಸಾವಿರ ಅಡಿ ಕೆಳಗೆ ಬಂದಮೇಲೆ ಸಂಜೆಗೆ ಟೀ ಕೇಳಿದ. ನಾನು ಅತ್ತುಬಿಟ್ಟೆ.

ಆ ಗಾಬರಿಯಲ್ಲಿ ಫಿಲ್ಟರ್ ಹಾಕೋದು ಮರೆತೇಹೋಗಿತ್ತು. ದಾರಿಯುದ್ದಕ್ಕೂ ಲಾರಿ ಹಿಂದಿನ ಧೂಳೆಲ್ಲಾ ಎಂಜಿನ್ನಿನ ಹೊಟ್ಟೆಗೆ. ಮೈಸೂರಿನಲ್ಲಿ ಬೋರ್ ಬಿಚ್ಚಿದರೆ ಪಿಸ್ಟನ್ ಮೇಲೆ ಮರಳು ಕಾಗದ ಉಜ್ಜಿದ ಹಾಗೆ ಗೀರುಗಳು. ರೀಬೋರ್ ಆಯಿತು, ಹೊಸ ಪಿಸ್ಟನ್ ಬಂತು. ಅಣ್ಣ ಎರಡು ತಿಂಗಳು ಮಾತಾಡಲಿಲ್ಲ.

ಅದೇ ಗೆಳೆಯ ಅವತ್ತು ಥಿಯೇಟರಿನಲ್ಲಿ ಪಕ್ಕದಲ್ಲೇ ಇದ್ದ. ಶಿಳ್ಳೆ ನಿಂತಮೇಲೆ ಮೆಲ್ಲಗೆ ಕೇಳಿದ: “ಆ ಸ್ಕೂಟರಿಗೆ ಫಿಲ್ಟರ್ ಇದೆಯೇನೋ?”