ಏಳನೇ ನಂಬರಿನ ಬಾಕಿ ಪಾಯಿಂಟು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲೊಂದರಲ್ಲಿ ನಾವು ಮೂವರು ವಾರಕ್ಕೊಮ್ಮೆ ಸೇರುತ್ತೇವೆ. ಒಬ್ಬ ಮೆಣಸಿನ ವ್ಯಾಪಾರಿ, ಒಬ್ಬ ಬ್ಯಾಂಕಿನಿಂದ ರಿಟೈರಾದವನು, ನಾನು ನಾಲ್ಕೆಕರೆ ರೊಬಸ್ಟಾದವನು. ಮಾತು ಮಳೆಯಿಂದ ಶುರುವಾಗಿ, ಕಾಫಿ ರೇಟಿಗೆ ಹೊರಳಿ, ಆನೆಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಕೊನೆಗೆ ಏಳನೇ ನಂಬರಿನವನ ಮೇಲೆ ಬಂದು ಕೂರುತ್ತದೆ. ನಲವತ್ತು ವರ್ಷ ದಾಟಿದರೂ ಆ ಮ್ಯಾಚು ನಮ್ಮ ಮೇಜಿನ ಮೇಲೆ ಇನ್ನೂ ಮುಗಿದಿಲ್ಲ.

‘ಮೂವತ್ತೆರಡು ಹೊಡ್ದ ಮಾರಾಯ ಅವತ್ತು.’

‘ಇಪ್ಪತ್ತಾರು.’

‘ನೀನು ಹಾಫ್ ಟೈಮಲ್ಲಿ ಕಡ್ಲೆಕಾಯಿ ತರಕ್ ಹೋದೋನು ಎಷ್ಟೊತ್ತಿಗೆ ವಾಪಸ್ ಬಂದೆ ಹೇಳು?’

1981ರ ಕಾರ್ತಿಕ ಮಾಸ. ನಾವು ಹೈಸ್ಕೂಲು ಹುಡುಗರು. ಚಿಕ್ಕಮಗಳೂರಿನ ಕಾಲೇಜೊಂದರ ಮಣ್ಣಿನ ಕೋರ್ಟು. ಸುಣ್ಣದ ಗೆರೆ, ಎರಡು ಕಡೆ ಹಲಗೆ, ಬಲೆಯಿಲ್ಲದ ಕಬ್ಬಿಣದ ಬಳೆ. ನಮ್ಮ ಕಡೆ ಬ್ಯಾಸ್ಕೆಟ್‌ಬಾಲಿಗೆ ಸಿಗುವ ಕಾಲವೇ ಕಡಿಮೆ. ಜೂನಿನಿಂದ ಕೋರ್ಟಿನ ಮೇಲೆ ಪಾಚಿ. ಪಾಚಿ ಒಣಗುವಷ್ಟರಲ್ಲಿ ಅರೇಬಿಕಾ ಹಣ್ಣಾಗಿ, ತೋಟದ ಮನೆಯ ಹುಡುಗರನ್ನು ಕುಯ್ಲಿಗೆ ಎಳೆದುಕೊಂಡು ಹೋಗುತ್ತಿದ್ದರು. ಈ ಎರಡರ ನಡುವಿನ ಕಿರಿದಾದ ಬಿಸಿಲಲ್ಲಿ ಆಡಬೇಕು. ಆಗಿನ್ನೂ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿರಲಿಲ್ಲ, ಅದು ಬಂದದ್ದು 1987ರಲ್ಲಿ. ನಮ್ಮ ಕಾಲೇಜುಗಳೆಲ್ಲ ಮೈಸೂರಿಗೆ ಸೇರಿದ್ದವು. ಮೈಸೂರಿನ ಹುಡುಗರ ಮುಂದೆ ಸೋಲುವುದು ನಮಗೆ ಒಂದು ಥರ ಪದ್ಧತಿಯೇ ಆಗಿತ್ತು.

ಅವತ್ತೂ ಸೋತೆವು, 5 ಪಾಯಿಂಟಿನಲ್ಲಿ. ಆದರೆ ಕಳಸದ ಕಡೆಯ ಆ ಉದ್ದನೆಯ ಹುಡುಗ, ಬೆನ್ನ ಮೇಲೆ 7, ಬಳೆಯ ಕೆಳಗೆ ನುಗ್ಗುವ ಗೋಜಿಗೇ ಹೋಗದೆ ಎಲ್ಲೋ ದೂರ ನಿಂತು ಚೆಂಡನ್ನು ಎಸೆಯುತ್ತಿದ್ದ. ಮೆಣಸಿನ ಬಳ್ಳಿಗೆ ಕೈ ಚಾಚಿದ ಹಾಗೆ, ಅವಸರವೇ ಇಲ್ಲದೆ. ಚೆಂಡು ಬಳೆಗೆ ತಾಗದೆ ಕೆಳಗಿಳಿಯುತ್ತಿತ್ತು. ಬಲೆ ಇಲ್ಲದ್ದರಿಂದ ಸದ್ದೂ ಇಲ್ಲ. ಒಳಗೆ ಬಿತ್ತೋ ಹೊರಗೆ ಹೋಯಿತೋ ತಿಳಿಯಲು ನಾವು ರೆಫರಿಯ ಬೆರಳು ನೋಡಬೇಕಿತ್ತು. (ಆ ಕಾಲಕ್ಕೆ ಆಟಗಾರರ ನಂಬರು 4ರಿಂದ 15ರವರೆಗೆ ಮಾತ್ರ. 1, 2, 3 ರೆಫರಿಯ ಬೆರಳುಗಳಿಗೇ ಮೀಸಲು, ಗೊಂದಲವಾಗಬಾರದೆಂದು.)

ಮನೆಗೆ ಬಂದವನೇ ಬನಿಯನ್ನಿನ ಬೆನ್ನಿಗೆ 7 ಬರೆದೆ. ಕಾಫಿಯೆಲ್ಲ ಬೋರ್ಡಿನ ಪೂಲಿಗೇ ಹೋಗುತ್ತಿದ್ದ ಕಾಲ ಅದು; ಗೋಣಿಚೀಲಕ್ಕೆ ಗುರುತು ಹಾಕುವ ಮಸಿ ಮನೆಯಲ್ಲೇ ಇತ್ತು. ಕಣದ ಪಕ್ಕದ ಸಿಲ್ವರ್ ಮರಕ್ಕೆ ಹಣ್ಣು ಕುಯ್ಯುವ ಬಿದಿರಿನ ಕುಕ್ಕೆಯೊಂದನ್ನು ಹೊಡೆದೆವು. ಕುಕ್ಕೆಯ ತಳ ಕತ್ತರಿಸಿದರೆ ಅಪ್ಪಯ್ಯ ನಮ್ಮ ತಳ ಕತ್ತರಿಸುತ್ತಾರೆಂದು ಗೊತ್ತಿದ್ದರಿಂದ ಹಾಗೇ ಬಿಟ್ಟೆವು. ಹಳೇ ಫುಟ್‌ಬಾಲು ಒಳಗೆ ಬಿದ್ದಾಗೆಲ್ಲ ಮೆಣಸು ಕುಯ್ಯುವ ಒಂಟಿ ಬಿದಿರಿನ ಏಣಿ ಒರಗಿಸಿ ಒಬ್ಬ ಹತ್ತಬೇಕು. ಅಜ್ಜಿ ಜಗಲಿಯಿಂದ ಕೂಗುತ್ತಿದ್ದಳು: ‘ಹಾಕೋದೂ ನೀವೇ, ತೆಗೆಯೋದೂ ನೀವೇ, ಇದೆಂಥ ಆಟನೋ!’

ಈ ಆಟ ಹುಟ್ಟಿದ್ದೇ ಹೀಗೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ಶಾಲೆ. ಹೊರಗೆ ಚಳಿ, ಒಳಗೆ ತಲೆಹರಟೆ ಹುಡುಗರು. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಜವಾನನ ಹತ್ತಿರ ಎರಡು ಪೆಟ್ಟಿಗೆ ಕೇಳಿದರೆ ಅವನು ತಂದುಕೊಟ್ಟದ್ದು ಪೀಚ್ ಹಣ್ಣಿನ ಎರಡು ಬುಟ್ಟಿ. ಅವನ್ನು ಮಹಡಿಯ ಕಟಕಟೆಗೆ ಹೊಡೆದರು. ಕಟಕಟೆ ಇದ್ದದ್ದು 10 ಅಡಿ ಎತ್ತರದಲ್ಲಿ; ಇವತ್ತಿಗೂ ಬಳೆಯ ಎತ್ತರ ಅಷ್ಟೇ. ಜವಾನನಿಗೆ ಆ ದಿನ ಪೆಟ್ಟಿಗೆ ಸಿಕ್ಕಿಬಿಟ್ಟಿದ್ದರೆ ಆಟಕ್ಕೆ ಬೇರೆಯೇ ಹೆಸರು ಬರುತ್ತಿತ್ತು. ಚೆಂಡು ಫುಟ್‌ಬಾಲಿನದೇ, ನಮ್ಮ ಹಾಗೆ. ಬುಟ್ಟಿಗೆ ತಳವಿತ್ತು, ನಮ್ಮ ಹಾಗೆ. ಏಣಿಯೂ ಇತ್ತು. ನಮ್ಮ ಅಜ್ಜಿ ಮಾತ್ರ ಅಲ್ಲಿರಲಿಲ್ಲ.

ಒಂದು ಕಡೆಗೆ 9 ಜನರಂತೆ ಆಡಿದ ಆ ಮೊದಲ ಆಟ 1–0ಯಲ್ಲಿ ಮುಗಿಯಿತು. ಆ ಒಂದನ್ನು ಹಾಕಿದವನು ವಿಲಿಯಂ ಚೇಸ್, ಸುಮಾರು 25 ಅಡಿ ದೂರದಿಂದ. ಈ ವಿಷಯ ಹೋಟೆಲಿನಲ್ಲಿ ಹೇಳಿದ್ದೇ ತಡ, ಬ್ಯಾಂಕಿನವನು ಪೇಪರ್ ನ್ಯಾಪ್‌ಕಿನ್ನು ಎಳೆದುಕೊಂಡ. ಏಕೆಂದರೆ ಅಂತರರಾಷ್ಟ್ರೀಯ ಆಟಕ್ಕೆ ದೂರದ ಎಸೆತಕ್ಕೆ 3 ಪಾಯಿಂಟಿನ ಗೆರೆ ಬಂದದ್ದು 1984ರಲ್ಲಿ. ಮೊದಲು 6.25 ಮೀಟರ್ ಇತ್ತು, 2010ರಲ್ಲಿ 6.75ಕ್ಕೆ ಹಿಂದೆ ಸರಿಸಿದರು. 25 ಅಡಿ ಅಂದರೆ 7.6 ಮೀಟರ್.

‘ಹಂಗಾರೆ ಆ ಚೇಸನಿಗೇ ಎರಡು ಬಾಕಿ’ ಎಂದ. ‘ನಮ್ಮ ಏಳನೇ ನಂಬರಿಗೆ ಎಂಟು ದೂರದ್ದು, ಒಂದೊಂದು ಹೆಚ್ಚಿಗೆ ಹಿಡಿ. ಎಂಟು ಪಾಯಿಂಟ್ ಬಾಕಿ. ಐದರಲ್ಲಿ ಸೋತಿದ್ದು. ಮೂರರಲ್ಲಿ ಗೆದ್ದಂಗಾಯ್ತು!’

ಹೀಗೆ ನಾವು 1981ರ ಮ್ಯಾಚನ್ನು ಮೊನ್ನೆ ಗೆದ್ದೆವು. ಎದುರು ತಂಡದವರ ದೂರದ ಎಸೆತಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

1980ರ ಮಾಸ್ಕೋ ಒಲಿಂಪಿಕ್ಸಿಗೆ ಭಾರತದ ಬ್ಯಾಸ್ಕೆಟ್‌ಬಾಲ್ ತಂಡವೂ ಹೋಗಿತ್ತು. ಹಲವು ದೇಶಗಳು ಬಹಿಷ್ಕಾರ ಹಾಕಿದ್ದರಿಂದ ಸಿಕ್ಕ ಅವಕಾಶ. ಆಡಿದ 7 ಮ್ಯಾಚುಗಳನ್ನೂ ಸೋತು ಬಂತು. ‘ಇವನೊಬ್ಬ ಇದ್ದಿದ್ರೆ’ ಎನ್ನುವುದು ವ್ಯಾಪಾರಿಯ ಪಲ್ಲವಿ. ಇವನು ಮಾಸ್ಕೋಗಲ್ಲ, ಮಡಿಕೇರಿಗೂ ಆಡಲು ಹೋದದ್ದು ನಮಗೆ ಗೊತ್ತಿಲ್ಲ. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್ಲಿನಲ್ಲಿ ಲಾರ್ಡ್ಸ್‌ನಲ್ಲಿ ಹೊಡೆದ 35 ರನ್ನು ಈಗಲೂ ಫೋನಿನಲ್ಲಿ ನೋಡಬಹುದು. ಅದನ್ನು 36 ಮಾಡಲು ಬರುವುದಿಲ್ಲ. ನಮ್ಮವನದು ಒಂದು ಫೋಟೋ ಕೂಡ ಇಲ್ಲ. ಹಾಗಾಗಿ ವರ್ಷ ವರ್ಷವೂ ಇಳುವರಿ ಏರುತ್ತಿದೆ.

ಹೋದ ಬೇಸಿಗೆಯಲ್ಲಿ ನೆಂಟರ ಮದುವೆಗೆಂದು ಕಳಸಕ್ಕೆ ಹೋಗಿದ್ದೆ. ಚಪ್ಪರದ ಮೂಲೆಯಲ್ಲಿ ಒಬ್ಬರು ಕೂತಿದ್ದರು, ಕೂತರೂ ಉದ್ದ. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಊಟದ ಪಂಕ್ತಿ ಬಿಟ್ಟು ಅವರ ಪಕ್ಕ ಹೋಗಿ ಕೂತೆ.

‘ನೀವು ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಿದ್ರಲ್ವಾ?’

ಅವರು ನನ್ನನ್ನು ದಿಟ್ಟಿಸಿ ನೋಡಿದರು. ‘ಆಡ್ತಿದ್ದೆ ಮಾರಾಯ್ರೆ. ನಿಮಗೆ ಹೆಂಗೆ ಗೊತ್ತು?’

ಮ್ಯಾಚಿನ ಕತೆ ಪೂರ್ತಿ ಹೇಳಿದೆ. ಬೇರೆ ಯಾರದೋ ಮನೆಯ ಸುದ್ದಿ ಕೇಳುವ ಹಾಗೆ ಕೇಳಿದರು. ಕೊನೆಗೆ ಒಂದು ನೆನಪಾಯಿತು. ‘ಅವತ್ತು ನನ್ನ ಶೂ ಕಿತ್ತೋಗಿತ್ತು. ಯಾರದೋ ಇಸ್ಕೊಂಡು ಹಾಕಿದ್ದೆ, ಒಂದು ಸೈಜು ಚಿಕ್ಕದು. ಓಡಕ್ಕೇ ಆಗ್ತಿರ್ಲಿಲ್ಲ. ಅದ್ಕೇ ದೂರ ನಿಂತು ಎಸೀತಿದ್ದೆ. ಎರಡು ಉಗುರು ಕಪ್ಪಾಗಿ ಉದುರೋದ್ವು.’

‘ಸ್ಕೋರು?’

‘ಸ್ಕೋರು ಯಾರಿಗ್ ಗೊತ್ತು? ಮನೇಲಿ ಅಡಿಕೆ ಕೊಯ್ಲು ಬಿಟ್ಟು ಹೋಗಿದ್ದಕ್ಕೆ ಅಪ್ಪಯ್ಯ ಬೈದಿದ್ದು ನೆನಪಿದೆ.’ ಎದ್ದು ನಿಲ್ಲುತ್ತಾ, ಮಂಡಿ ಸವರಿಕೊಂಡು, ‘ನಂದು ಎಂಟನೇ ನಂಬರು, ಅಲ್ವಾ?’ ಎಂದರು.

ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಹೋಳಿಗೆ ಬಂತು, ತಿಂದೆ.

ಆ ವಾರ ಹೋಟೆಲಿನಲ್ಲಿ ಇಬ್ಬರೂ ನನಗಾಗಿ ಕಾದಿದ್ದರು. ಸಿಕ್ಕಿದ್ದರಂತಲ್ಲ, ಏನಂದರು, ಇಪ್ಪತ್ತಾರೋ ಮೂವತ್ತೆರಡೋ?

‘ಮೂವತ್ತೆರಡು ಅಂದ್ರು’ ಎಂದೆ.

ಮೆಣಸಿನ ವ್ಯಾಪಾರಿ ಬ್ಯಾಂಕಿನವನ ಕಡೆ ಒಂದು ಸಲ ನೋಡಿ, ಮೂರೂ ಕಾಫಿಯ ದುಡ್ಡು ತಾನೇ ಕೊಟ್ಟ.