ಹೆರೆದು ಹಚ್ಚಿದ ಬಣ್ಣ

ಭೀಮಾ ತೀರದ ದೇವಣಗಾಂವದಲ್ಲಿರುವ ನಮ್ಮ ಮನೆಗೆ ಕಾರು ಬಂದುದು 2009ರಲ್ಲಿ. ಹೊಸದಲ್ಲ. 2004ರಲ್ಲಿ ನೋಂದಣಿಯಾಗಿ, ಐದು ವರ್ಷ ಬೇರೊಬ್ಬರ ಮನೆಯಲ್ಲಿ ದುಡಿದ ಬಿಳಿಯ ಮಾರುತಿ 800. ಅದಕ್ಕೆ ಎರಡು ವರ್ಷ ಮೊದಲೇ ನಾವು ಎತ್ತುಗಳನ್ನು ಮಾರಿದ್ದೆವು. ಬಾಡಿಗೆಯ ಟ್ರ್ಯಾಕ್ಟರು ಹೊಲಕ್ಕೆ ಇಳಿದ ಮೇಲೆ ವರ್ಷವಿಡೀ ಎರಡು ಜೀವಗಳಿಗೆ ಮೇವು ಹಾಕುವುದು ನಮ್ಮಿಂದ ನೀಗಲಿಲ್ಲ. ಬರಿದಾದ ಗೋದಲಿಯ ಮುಂದೆ, ಎತ್ತು ಕಟ್ಟುತ್ತಿದ್ದ ಜಾಗದಲ್ಲಿಯೇ ಕಾರು ನಿಂತಿತು.

1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಗ್ರಾಹಕರ ಕೈಗೆ ಕೀಲಿಕೈ ಕೊಡುವುದರೊಂದಿಗೆ ರಸ್ತೆಗಿಳಿದ ಈ ಪುಟ್ಟ ವಾಹನ, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ನಮ್ಮಂಥ ಎಷ್ಟೋ ಮನೆಗಳ ಮೊದಲ ಕಾರಾಗಿತ್ತು. 796 ಸಿಸಿಯ ಎಂಜಿನ್ನು, ಮೂರೇ ಸಿಲಿಂಡರು. ಅಷ್ಟರಲ್ಲಿಯೇ ಅದು ನಮ್ಮನ್ನು ಸಿಂದಗಿಯ ಸಂತೆಗೂ ಸೊಲ್ಲಾಪುರದ ಆಸ್ಪತ್ರೆಗೂ ಬೇಸರಿಸದೆ ಒಯ್ದಿತು.

ಕೊಂಡಾಗ ಅದರ ಗಾಜುಗಳಿಗೆಲ್ಲ ಕಪ್ಪು ಹಾಳೆ ಅಂಟಿಸಿದ್ದರು. ಒಳಗೆ ಕುಳಿತವರು ಕಾಣದಿದ್ದರೆ ಒಂದು ಗತ್ತು ಎಂದು ನಾವೂ ತಿಳಿದಿದ್ದೆವೆಂದು ಒಪ್ಪಿಕೊಳ್ಳಬೇಕು. 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯ ಅಂತಹ ಹಾಳೆಗಳನ್ನು ನಿಷೇಧಿಸಿದಾಗ, ಸೋಪಿನ ನೀರಿನಲ್ಲಿ ನೆನೆಸಿದ ಹಳೆಯ ಪತ್ರಿಕೆಗಳನ್ನು ಗಾಜಿಗೆ ಹೊದಿಸಿ, ಬಿಸಿಲಿಗೆ ನಿಲ್ಲಿಸಿ, ಮೂಲೆಯಿಂದ ಮೆಲ್ಲಗೆ ಸುಲಿದೆವು. ಅಂದಿನಿಂದ ಊರವರ ನಮಸ್ಕಾರ ನಮಗೂ, ನಮ್ಮದು ಅವರಿಗೂ ಕಾಣತೊಡಗಿತು!

ಇನ್ನು ಹೇಳಬೇಕಾದುದು 2019ರ ಮಾತು. ಡಿಪ್ಲೊಮಾ ಓದುತ್ತಿದ್ದ ನಮ್ಮ ಕಿರಿಯ ಮಗ ಎರಡು ವಿಷಯಗಳಲ್ಲಿ ನಪಾಸಾಗಿ ಫೆಬ್ರುವರಿಯಲ್ಲಿ ಮನೆಗೆ ಬಂದ. ಬಂದವನು ಮಾತು ಬಿಟ್ಟ. ಊಟಕ್ಕೆ ಕರೆದರೆ ಬರುವನು, ಉಂಡು ಎದ್ದು ಹೋಗುವನು. ನಾವೂ ಕೇಳಲಿಲ್ಲ. ಕೇಳಿದರೆ ಬಾಯಿಂದ ಏನು ಬಂದೀತೆಂಬ ಅಂಜಿಕೆ ನಮಗೇ ಇತ್ತು. ಒಂದು ದಿನ ನೋಡಿದರೆ, ಹಳೆಯ ಬನಿಯನ್ನಿನ ಚಿಂದಿ ಹಿಡಿದು ಕಾರಿನ ಬಾನೆಟ್ಟು ಉಜ್ಜುತ್ತ ಕುಳಿತಿದ್ದಾನೆ. ಬಣ್ಣ ಬದಲಿಸಿ ಕೆಂಪು ಮಾಡಬೇಕು, ಮುಂದೆ ಉಕ್ಕಿನ ಗಾರ್ಡು ಕೂರಿಸಬೇಕು, ಹಲವು ಸ್ವರದ ಹಾರ್ನು ಹಾಕಬೇಕು ಎಂದು ತಾಯಿಯ ಮುಂದೆ ಹೇಳಿದನಂತೆ. ಅದುಮಿಟ್ಟ ಮಾತು ನಮ್ಮ ಬಾಯಿಂದ ಅಂದು ಹೊರಬಿತ್ತು:

"ಗೆಜ್ಜಿ ಕಟ್ಟಿದ್ರ ಎತ್ತು ಹೊಲಾ ಊಳತದೇನೋ ತಮ್ಮಾ?"

ಅವನು ಉತ್ತರಿಸಲಿಲ್ಲ. ಉತ್ತರ ಅಡುಗೆಮನೆಯಿಂದ ಬಂದಿತು. "ಏನ್ರೀ, ಕಾರಹುಣ್ಣಿವಿಗಿ ರಾತ್ರಿಯೆಲ್ಲಾ ಕುಂತು ಕೋಡಿಗಿ ಬಣ್ಣಾ ಹಚ್ಚತಿದ್ರಲ್ಲ, ಅದೇನು ಊಳಲಿಕ್ಕಂತ ಹಚ್ಚತಿದ್ರೇನು?"

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಮರುದಿನ ನಾವೇ ಕೊಟ್ಟಿಗೆಗೆ ಹೋದೆವು. ಸೋತು ಹೋದೆವೆಂದು ಅವನಿಗೆ ತೋರಬಾರದೆಂದು ಕಾನೂನಿನ ಮಾತು ತೆಗೆದೆವು. ವಾಹನದ ಬಣ್ಣ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ, ಬದಲಿಸಿದರೆ ಅಲ್ಲಿಯೂ ತಿದ್ದಿಸಬೇಕು. ಅಂತಹ ಗಾರ್ಡು ಕಾನೂನುಬಾಹಿರವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ಹೇಳಿತ್ತು. ಡಿಕ್ಕಿಯಾದರೆ ದಾರಿಹೋಕನಿಗೆ ಪೆಟ್ಟು ಹೆಚ್ಚು ಎಂಬುದು ಅದಕ್ಕಿದ್ದ ಒಂದು ಕಾರಣ. ಹಲವು ಸ್ವರದ ಹಾರ್ನಿಗೂ ನಿಯಮ ಒಪ್ಪದು. ತಯಾರಕರು ಕೊಟ್ಟ ಮೂಲರೂಪಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿತ್ತು. ಎಲ್ಲವನ್ನೂ ಕೇಳಿ ಅವನು, "ಹಂಗಾದ್ರ ಬಿಳೀದನ್ನ ಬಿಳೀದೇ ಮಾಡ್ತೀನಪ್ಪಾ" ಎಂದ. ಮೂರು ವಾರಗಳಲ್ಲಿ ಅವನು ನಮ್ಮೊಡನೆ ಆಡಿದ ಮೊದಲ ಮಾತು ಅದು. ಜುಲೈಗೆ ಕಾರಿಗೆ ಹದಿನೈದು ವರ್ಷ ತುಂಬುವುದಿತ್ತು. ನೋಂದಣಿ ನವೀಕರಣಕ್ಕೆ ಹೇಗೂ ಅದನ್ನು ಅಧಿಕಾರಿಗಳಿಗೆ ತೋರಿಸಬೇಕಿತ್ತು.

ಎಡಬಾಗಿಲಿನ ಕೆಳಗೆ ಬಣ್ಣ ಉಬ್ಬಿ ಗುಳ್ಳೆಯಾಗಿತ್ತು. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿದು, ಒಳಗೆ ತುಕ್ಕು. ವಾರವಾರವೂ ತಪ್ಪದೆ ತೊಳೆಯುತ್ತಿದ್ದ ನಮಗೆ ಇದು ಸೋಜಿಗವೆನಿಸಿತು. ಮಗ ಅಂಗಾತ ಮಲಗಿ ಕೆಳಗಿನಿಂದ ನೋಡಿ ಕರೆದ. ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದ ನೀರು ಹೊರಹೋಗಲೆಂದು ತಳದ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮ ಎರೆಮಣ್ಣು ಅವುಗಳನ್ನು ಮುಚ್ಚಿ ಗಟ್ಟಿಯಾಗಿತ್ತು. ನಾವು ತೊಳೆದ ನೀರೆಲ್ಲ ಒಳಗೆ ನಿಂತು ತಗಡನ್ನು ಒಳಗಿನಿಂದಲೇ ತಿಂದಿತ್ತು. ಕಸಬರಿಗೆಯ ಕಡ್ಡಿಯಿಂದ ಅವನು ಕೆದಕಿದಾಗ ಮಣ್ಣು ಉದುರಿತು, ಹಿಂದೆಯೇ ಅರ್ಧ ಲೋಟದಷ್ಟು ಕೆಂಪು ನೀರು. ಹೊರಗೆ ಹೊಳೆಯುವಂತೆ ಒರೆಸಿದ್ದೇ ಬಂತು, ಕೆಳಗೆ ಬಗ್ಗಿ ನೋಡಿದ್ದಿಲ್ಲ. ನಮಗೆ ಮಗನ ಮುಖ ನೋಡಲು ಕಷ್ಟವಾಯಿತು.

ತುಕ್ಕು ಹೆರೆಯುವುದೇ ಒಂದು ವಾರದ ಕೆಲಸವಾಯಿತು. 80ನೆಯ ನಂಬರಿನ ಒರಟು ಸ್ಯಾಂಡ್ ಪೇಪರಿನಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಬೇಕು. ಆಮೇಲೆ ಪುಟ್ಟಿ, ಅದು ಒಣಗಿದ ಮೇಲೆ ಮತ್ತೆ ಉಜ್ಜುವುದು, ಪ್ರೈಮರು, 400ರ ಕಾಗದದಿಂದ ನೀರು ಹಾಕಿ ಮತ್ತೆ ಉಜ್ಜುವುದು. ಅವನೊಡನೆ ಕುಳಿತು ಉಜ್ಜುವಾಗ ನಮ್ಮ ತಂದೆಯವರ ನೆನಪಾಯಿತು. ಕಾರಹುಣ್ಣಿಮೆಗೆ ನಾವು ಹುಡುಗರು ಬಣ್ಣದ ಡಬ್ಬಿ ಹಿಡಿದು ಓಡಿದರೆ ಗದರಿಸುತ್ತಿದ್ದರು. ಮೊದಲು ಗಾಜಿನ ಚೂರಿನಿಂದ ಕೋಡು ಹೆರೆಯಬೇಕು. ಹೆರೆಯುವಾಗ ಸೀಳು ಬಿಟ್ಟಿದೆಯೋ, ಬುಡದಲ್ಲಿ ಹುಣ್ಣಾಗಿದೆಯೋ ಕೈಗೆ ತಿಳಿಯುತ್ತದೆ. ಆಮೇಲೆ ಬಣ್ಣ, ಕೊನೆಗೆ ಹಿತ್ತಾಳೆಯ ಕೋಡಣಸು. ಇದನ್ನು ಮಗನಿಗೆ ಹೇಳಿದೆವು. ಎತ್ತಿನ ಕಥೆ ಕೇಳುತ್ತ ಅವನು ತಾನಾಗಿಯೇ ಕಾಲೇಜಿನ ಕಥೆ ಹೇಳಿದ. ಮೊದಲ ಪರೀಕ್ಷೆಯಲ್ಲಿಯೇ ಒಂದು ವಿಷಯ ಉಳಿದಿದ್ದುದನ್ನು ನಮಗೆ ಹೆದರಿ ಮುಚ್ಚಿಟ್ಟಿದ್ದನಂತೆ. ನಾವು ಉಜ್ಜುತ್ತಲೇ ಕೇಳಿದೆವು. ಅಂದು ಗದರಿಸದೆ ಇದ್ದುದು ನಮ್ಮ ಗುಣವಲ್ಲ, ಕೈಗೆ ಕೆಲಸವಿದ್ದುದರ ಪುಣ್ಯ.

ಬಣ್ಣದ ಸ್ಪ್ರೇ ಡಬ್ಬಿಯನ್ನು ಚೆನ್ನಾಗಿ ಅಲುಗಿಸಿ, ಒಂದು ಗೇಣು ದೂರದಿಂದ, ಕೈ ನಿಲ್ಲಿಸದೆ ತೆಳ್ಳಗೆ ಹೊಡೆಯಬೇಕು. ಮೊದಲ ಸಲ ಮಚ್ಚೆಮಚ್ಚೆಯಾಗಿ ಕಂಡರೂ ಅವಸರಿಸಬಾರದು, ದಪ್ಪನಾದರೆ ಕಣ್ಣೀರಿನಂತೆ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಹೊಡೆದರೆ ತಗಡಿಗೆ ತಾಗುವ ಮುನ್ನವೇ ಬಣ್ಣ ಒಣಗಿ ಒರಟಾಗುವುದು. ಸುಗ್ಗಿಯ ಜೋಳದ ಧೂಳು ಬೇರೆ. ಒಮ್ಮೆ ಹಾಳಾದುದನ್ನು ಕಂಡ ನಮ್ಮ ಮನೆಯವರು, ನಸುಕಿನಲ್ಲಿ ಅಂಗಳಕ್ಕೆ ನೀರು ಹೊಡೆದು, ಮಗನ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, "ಈಗ ಹೊಡಿ" ಎಂದರು. ಅಂದು ಬಣ್ಣ ಕೂಡಿತು.

ಆದರೆ ಹೊಂದಲಿಲ್ಲ. ಕಂಪನಿಯ ಅದೇ ಹೆಸರಿನ ಬಿಳಿಯನ್ನೇ ತಂದಿದ್ದರೂ, ಹದಿನೈದು ಬಿಸಿಲುಗಾಲ ಕಂಡ ಹಳೆಯ ಬಿಳಿ ಹಾಲಿನ ಕೆನೆಯಂತಾಗಿತ್ತು, ಹೊಸದು ಸುಣ್ಣದಂತೆ. ರಬ್ಬಿಂಗ್ ಕಾಂಪೌಂಡು ಹಚ್ಚಿ ಹಳೆಯದನ್ನು ತಿಕ್ಕಿದ ಮೇಲೆ ಅಂತರ ಕಡಿಮೆಯಾಯಿತೇ ಹೊರತು ಅಳಿಯಲಿಲ್ಲ. ಮಗನಿಗೆ ಬಹಳ ಬೇಸರವಾಯಿತು. ನಮಗೆ ಆಗಲಿಲ್ಲ.

ಜೂನ್ ಮೊದಲ ವಾರ ವಿಜಯಪುರದಲ್ಲಿ ಕಾರು ತೋರಿಸಿದೆವು. ಪರೀಕ್ಷಿಸಿದವರು ದೀಪ, ಬ್ರೇಕು ನೋಡಿ, ಬಾಗಿಲಿನ ಕೆಳಗೆ ಬೆರಳಾಡಿಸಿ, "ಯಾರು ಮಾಡಿದ್ದು?" ಎಂದರು. ಮಗ ನಮ್ಮತ್ತ ನೋಡಿದ. "ಇವನೇ" ಎಂದೆವು. ಐದು ವರ್ಷಕ್ಕೆ ನವೀಕರಣವಾಯಿತು. ಮಗ ಮರಳಿ ಪರೀಕ್ಷೆಗೆ ಕಟ್ಟಿದ. ಒಂದು ವಿಷಯ ಆ ವರ್ಷ, ಇನ್ನೊಂದು ಮುಂದಿನ ವರ್ಷ ಪಾಸಾಯಿತು.

ಆ ತಿಂಗಳೇ ಕಾರಹುಣ್ಣಿಮೆ. ಸಂಜೆ ಹೊಲದಿಂದ ಬಂದು ನೋಡುತ್ತೇವೆ, ಅಟ್ಟದ ಮೇಲಿದ್ದ ಗಂಟು ಅಂಗಳದಲ್ಲಿ ಬಿಚ್ಚಿದೆ. ತಾಯಿ ಮಗ ಇಬ್ಬರೂ ಕೋಡಣಸುಗಳನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದಾರೆ. ಕಾರಿನ ಒಳಗನ್ನಡಿಗೆ ಕೆಂಪು ಗೊಂಡೆ ಕಟ್ಟಿದ್ದರು. ದಾರಿ ನೋಡಲು ಅಡ್ಡವಾಗುತ್ತದೆಂದು ಅದನ್ನು ನಾವೇ ಬಿಚ್ಚಿ, ಮುಂದಿನ ಬಂಪರಿಗೆ ಕಟ್ಟಿದೆವು.